ಮರಳಿನ ಅಂಗಿ

ಒಪ್ಪಂದದ ಎರಡನೆಯ ವರ್ಷ, ಜೂನ್ ಮೂರನೆಯ ತಾರೀಕು, ಬುಧವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಾನು ಆ ಊರಿನ ಪೇಟೆಬೀದಿಯಲ್ಲಿ ಸುಣ್ಣದ ಗೆರೆ ದಾಟಿದೆ. ಬಲಗೈಯಲ್ಲಿ ಟ್ರಂಕು ಇತ್ತು. ಅಲ್ಲಿಯತನಕ ಆರಾಮಾಗಿ ಹೊತ್ತು ತಂದಿದ್ದ ಅದೇ ಟ್ರಂಕು ಗೆರೆಯಾಚೆ ಕಾಲಿಟ್ಟ ಗಳಿಗೆಯಲ್ಲೇ ನನ್ನ ಭುಜವನ್ನು ಕೆಳಕ್ಕೆ ಜಗ್ಗಿತು. ಮೊಣಕಾಲು ಬಾಗಿತು. ಕೆನ್ನೆ ಕೂಡ ಒಂದಿಷ್ಟು ಜೋತುಬಿದ್ದ ಹಾಗಾಯಿತು. ಕಟ್ಟೆಯ ಮೇಲೆ ಬೇವಿನ ಕಡ್ಡಿ ಜಗಿಯುತ್ತ ಕೂತಿದ್ದ ಮುದುಕನೊಬ್ಬ ನನ್ನನ್ನು ನೋಡಿ ನಗಲಿಲ್ಲ. ಸುಮ್ಮನೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.

"ಹೊಸಬ್ರೇನ್ರಿ ಬಾಯಾರ? ಟ್ರಂಕ್ ಕೆಳಗಿಡ್ರಿ, ಉಸುರು ತಗೋರಿ. ಬಂದ ಅಧಿಕಾರಿಗೋಳಿಗೆಲ್ಲಾ ಮೂರು ದಿನ ಹಿಂಗ. ಆಮ್ಯಾಲ ರೂಢಿ ಆಗತೈತಿ," ಅಂದ. ಅವನು ಎಣ್ಣೆಗಾಣದ ಅಡಿವೆಪ್ಪ ಎಂದೂ, ಬಾಯಾರು ಅಂದರೆ ಆ ಕಡೆಯ ಮಾತಿನಲ್ಲಿ ಅಮ್ಮಾವ್ರು ಎಂದೂ ಆಮೇಲೆ ತಿಳಿಯಿತು.

ಮೂಡಸೀಮೆಯವರೂ ಪಡುಸೀಮೆಯವರೂ ಒಂದೇ ದೇಶದೊಳಗೆ ಒಂಬತ್ತು ವರ್ಷ ಹೊಡೆದಾಡಿ, ದಣಿದು, ಕಡೆಗೆ ನಕಾಶೆಯ ಮೇಲೆ ಒಂದು ಗೆರೆ ಎಳೆದು ಕೂತಿದ್ದರು. ಆ ಗೆರೆ ಈ ಊರಿನ ನಡುವೆ ಹಾಯ್ದಿತ್ತು. ಸುಣ್ಣ ಬಳಿದ ಮರುದಿನದಿಂದ ಗೆರೆಯ ಪಡುವಣಕ್ಕೆ ಪ್ರತಿಯೊಂದರ ತೂಕವೂ ಮೂಡಣದ ತೂಕದ ಒಂದೂಕಾಲು ಪಟ್ಟು. ಮೂಡಣದಲ್ಲಿ ನಾಲ್ಕು ಕಿಲೋ ತೂಗುವ ಕುಂಬಳಕಾಯಿ ಪಡುವಣದಲ್ಲಿ ಐದು. ಮನುಷ್ಯರೂ ಹಾಗೆಯೇ, ಎಮ್ಮೆಯೂ ಹಾಗೆಯೇ, ಬಿದ್ದ ಎಲೆಯೂ ಹಾಗೆಯೇ. ಊರವರು ಮೂಡಣದ ಭಾಗಕ್ಕೆ ಹಗುರಗೇರಿ, ಪಡುವಣದ ಭಾಗಕ್ಕೆ ಭಾರಗೇರಿ ಎಂದು ಹೆಸರಿಟ್ಟು ತಮ್ಮ ತಮ್ಮ ಕೆಲಸಕ್ಕೆ ಹೋಗಿದ್ದರು.

ನಾನು ಭೌತಶಾಸ್ತ್ರ ಓದಿದವಳು. ಎರಡೂ ಸೀಮೆಯವರು ಸೇರಿ ನೇಮಿಸಿದ ಆಯೋಗದಲ್ಲಿ ಅಳತೆ ಮತ್ತು ತೂಕದ ಅಧಿಕಾರಿಯಾಗಿ ಬಂದಿದ್ದೆ. ನನ್ನ ಕಚೇರಿಯ ಮೇಜು ಗೆರೆಯ ಮೇಲೆಯೇ ಇತ್ತು. ಎಡಗೈಯಲ್ಲಿ ಹಿಡಿದ ಲೇಖನಿ ಬಲಗೈಗೆ ಬಂದರೆ ತೂಕ ಬದಲಾಗುತ್ತಿತ್ತು. ದಿನಾ ಬೆಳಿಗ್ಗೆ ಸ್ಪ್ರಿಂಗ್ ತಕ್ಕಡಿಯಲ್ಲಿ ಒಂದೇ ಕಬ್ಬಿಣದ ಬಟ್ಟನ್ನು ಎರಡೂ ಬದಿ ತೂಗಿ ಎರಡು ಅಂಕಣಗಳಲ್ಲಿ ಬರೆಯುವುದು ನನ್ನ ಮೊದಲ ಕೆಲಸ. ಇದರಲ್ಲಿ ಯಾವುದು ನಿಜವಾದ ತೂಕ ಎಂದು ಬರೆಯಬಾರದು. ಆಯೋಗದ ಹದಿನಾಲ್ಕನೆಯ ನಿಯಮ ಅದನ್ನು ಸ್ಪಷ್ಟವಾಗಿ ನಿಷೇಧಿಸಿತ್ತು, ಏಕೆಂದರೆ ಅದೊಂದು ಪ್ರಶ್ನೆಯ ಮೇಲೆ ಮತ್ತೆ ಯುದ್ಧವಾಗುವ ಸಂಭವವಿತ್ತು. ಪಡುಸೀಮೆಯ ಶಾಲಾಪುಸ್ತಕ ತನ್ನ ಜನ ತೂಕವುಳ್ಳವರು ಎಂದು ಹೇಳುತ್ತಿತ್ತು. ಮೂಡಸೀಮೆಯ ಪುಸ್ತಕದಲ್ಲಿ ಒಬ್ಬ ಹೆಂಗಸು ಎರಡು ಮಕ್ಕಳನ್ನೂ ಒಂದು ಆಡನ್ನೂ ಒಟ್ಟಿಗೆ ಎತ್ತಿಕೊಂಡು ನಗುತ್ತಿರುವ ಚಿತ್ರವಿತ್ತು. ಕೆಳಗೆ 'ನಮ್ಮ ಬಲ' ಎಂದು ಬರೆದಿತ್ತು.

ಊರಿನವರಿಗೆ ಇವೆಲ್ಲ ಬೇಕಿರಲಿಲ್ಲ. ಭಾರಗೇರಿಯವರು ಮಾಳಿಗೆಗೆ ಇನ್ನೆರಡು ಕಂಬ ಕೊಟ್ಟರು, ಕೊಡಗಳನ್ನು ಸಣ್ಣದು ಮಾಡಿಸಿದರು. ಅಲ್ಲಿ ಒನಕೆ ತಾನಾಗಿಯೇ ಜೋರಾಗಿ ಬೀಳುತ್ತಿದ್ದುದರಿಂದ ಖಾರ ಕುಟ್ಟುವುದು ಬೇಗ ಮುಗಿಯುತ್ತಿತ್ತು. ಹಗುರಗೇರಿಯವರು ಹೆಂಚಿನ ಮೇಲೆ ಕಲ್ಲು ಹೇರಿದರು, ಅಂಗಳದ ಗೋಡೆಯನ್ನು ಒಂದು ಮೊಳ ಎತ್ತರಿಸಿದರು. ಇಲ್ಲದಿದ್ದರೆ ಮಕ್ಕಳು ಹಾರಿ ಓಡುತ್ತಿದ್ದರು. ಭಾರಗೇರಿಯಿಂದ ಕೊಂಡು ತಂದ ಲೋಲಕದ ಗಡಿಯಾರ ಹಗುರಗೇರಿಯ ಶಾಲೆಯಲ್ಲಿ ಗಂಟೆಗೆ ಆರು ನಿಮಿಷಕ್ಕೂ ಹೆಚ್ಚು ಹಿಂದೆ ಬೀಳತೊಡಗಿ, ಒಂದು ತಿಂಗಳು ಮಕ್ಕಳು ಪ್ರತಿದಿನ ಅರ್ಧ ತಾಸು ಜಾಸ್ತಿ ಓದಿದರು. ನಾನು ಲೋಲಕದ ಕಡ್ಡಿಯನ್ನು ಗಿಡ್ಡ ಮಾಡಿಕೊಟ್ಟ ದಿನ ಮಕ್ಕಳು ನನಗೆ ಕಡಲೆಮಿಠಾಯಿ ತಂದುಕೊಟ್ಟರು. ಆ ದಿನದಿಂದ ಎರಡೂ ಕೇರಿಗೆ ನಾನು 'ತಕ್ಕಡಿ ಬಾಯಾರು' ಆದೆ.

ಗುರುವಾರ ಸಂತೆ. ಸರಕು ಗೆರೆ ದಾಟಬಹುದು, ಮನುಷ್ಯರು ದಾಟುವಂತಿಲ್ಲ. ಗೆರೆಯ ಎರಡೂ ಬದಿಗೆ ನಿಂತು ಊರವರು ಕೈ ಚಾಚಿ ವ್ಯಾಪಾರ ಮಾಡುತ್ತಿದ್ದರು. ಅಲ್ಲಿಯೇ ನಾನು ಹಗ್ಗ ಹೊಸೆಯುವ ಫಕ್ಕೀರಪ್ಪನನ್ನೂ ಅಡಿವೆಪ್ಪನ ಮಗಳು ನಿಂಬೆವ್ವನನ್ನೂ ಮೊದಲು ನೋಡಿದ್ದು. ಅವನು ಹಗುರಗೇರಿಯವನು. ಅವಳು ಭಾರಗೇರಿಯವಳು, ಅಪ್ಪನ ಗಾಣದಲ್ಲಿ ಅರವತ್ತು ಕಿಲೋ ಹಿಂಡಿಯ ಚೀಲವನ್ನು ಬೆನ್ನ ಮೇಲೆ ಹೊತ್ತು ಓಡಾಡುವವಳು. ಅವತ್ತು ಅವಳು ತುಂಡಾದ ಹಗ್ಗವೊಂದನ್ನು ಗೆರೆಯ ಮೇಲಿಂದ ಅವನ ಮುಖಕ್ಕೇ ಎಸೆದಳು.

"ತಗೋ ನಿನ್ನ ಹಗ್ಗ! ಗಾಣಕ್ಕ ಕಟ್ಟಿ ಎಂಟು ದಿನ ಆಗಿಲ್ಲ, ಹರದು ಕೂತೈತಿ. ಹಗ್ಗಾನೂ ನಿನ್ನಂಗ ಹಗೂರ ನೋಡು."

"ನನ್ನ ಹಗ್ಗ ನಮ್ಮ ಕಡೆ ಹರಿಯೂದಿಲ್ಲವ್ವಾ. ನಿಮ್ಮ ನೆಲದಾಗ ಏನೋ ಐತಿ," ಅಂದ ಅವನು.

"ನೆಲಕ್ಕ ಯಾಕ ಅಂತೀ? ಕೈಯಾಗ ಕಸುವು ಇಲ್ಲನ್ನು."

ಮುಂದಿನ ಗುರುವಾರ ಅವನು ಇನ್ನೂ ಒಂದು ಎಳೆ ಸೇರಿಸಿ ಹೊಸೆದು ತಂದ. ಅದೂ ಹರಿಯಿತು. ಅದಾದ ಮೇಲೆ ಇನ್ನೊಂದು ಎಳೆ. ಐದನೆಯ ಹಗ್ಗ ಹರಿಯಲಿಲ್ಲ. ಆದರೂ ಆರನೆಯ ಗುರುವಾರ ನಿಂಬೆವ್ವ ಒಂದು ತುಂಡು ಹಗ್ಗ ಹಿಡಿದುಕೊಂಡು ಬಂದಳು. ಅದರ ತುದಿಯನ್ನು ನಾನು ಹತ್ತಿರದಿಂದ ನೋಡಿದೆ. ಜಗ್ಗಿ ಹರಿದ ನಾರು ಹಿಂಜಿಕೊಂಡಿರುತ್ತದೆ. ಇದು ಈಳಿಗೆಯಿಂದ ಕೊಯ್ದದ್ದು. ಫಕ್ಕೀರಪ್ಪನೂ ನೋಡಿದ. ಅವನು ತಲೆ ತಗ್ಗಿಸಿ, ಇನ್ನೊಂದು ಹೊಸೆದು ತರುತ್ತೇನೆ ಎಂದ. ಹೀಗೆ ಒಂದು ವರ್ಷ ನಡೆಯಿತು.

ಈಗ ಗುಂಡುಕಲ್ಲಿನ ವಿಷಯ ಹೇಳಬೇಕು. ಆ ಊರಲ್ಲಿ ಹಿಂದಿನಿಂದಲೂ ಒಂದು ವಾಡಿಕೆ. ಹೊರಗಿನವರು ಒಂದು ಕೇರಿಗೆ ಬಂದು ನೆಲೆಸಬೇಕಾದರೆ ಆ ಕೇರಿಯ ಬಾಯಲ್ಲಿರುವ ಗುಂಡುಕಲ್ಲನ್ನು ಮೊಣಕಾಲಿನ ಮೇಲಕ್ಕೆ ಎತ್ತಬೇಕು. ಎತ್ತಿದವರು ಕೇರಿಯವರು. ಭಾರಗೇರಿಯ ಕಲ್ಲಿನ ಹೆಸರು ದೊಡ್ಡಪ್ಪ; ಅದು ಇದ್ದಲ್ಲಿ ಎಂಬತ್ತೈದು ಕಿಲೋ. ಹಗುರಗೇರಿಯದು ಚಿಕ್ಕಪ್ಪ, ಇದ್ದಲ್ಲಿ ನಲವತ್ತನಾಲ್ಕು. ಎರಡೂ ಗೆರೆಯಿಂದ ಮೂವತ್ತು ಹೆಜ್ಜೆಯೊಳಗೇ ಇದ್ದವು. ಹಿಂದೆ ಯಾರೂ ಎತ್ತಲಾರದೆ ವಾಪಸು ಹೋದದ್ದಿಲ್ಲವಂತೆ. ಕಷ್ಟಪಡುವವರಿಗೆ ಕೇರಿಯ ನಾಲ್ಕು ಜನ ಹಿಂದಿನಿಂದ ಬೆರಳು ಕೊಟ್ಟು, ಎತ್ತಿದ ಎತ್ತಿದ ಎಂದು ಕೂಗುತ್ತಿದ್ದರಂತೆ. ಆಯೋಗ ಈ ವಾಡಿಕೆಯನ್ನು ಗೌರವಿಸಿ ಬರವಣಿಗೆಗೆ ಇಳಿಸಿತು. ಇಳಿಸುವಾಗ 'ಒಬ್ಬರೇ, ಒಂದೇ ಸಲ' ಎಂಬ ಮಾತನ್ನೂ ಸೇರಿಸಿತು.

ವರ್ಷಕ್ಕೆ ಒಬ್ಬರಿಗೆ ಮಾತ್ರ ಗೆರೆ ದಾಟಿ ನೆಲೆಸುವ ಪರವಾನಗಿ. ನಾಲ್ಕನೆಯ ವರ್ಷದ ಮಾರ್ಚ್ ಮೂವತ್ತೊಂದಕ್ಕೆ ಆಯೋಗವೇ ಎದ್ದುಹೋಗುವುದಿತ್ತು. ಸಂತೆ ಇರುತ್ತದೆ, ಪರವಾನಗಿ ಇರುವುದಿಲ್ಲ. ಅಂದರೆ ಉಳಿದದ್ದು ಒಂದೇ ಚೀಟಿ. ನಿಂಬೆವ್ವನನ್ನು ಮದುವೆಯಾಗಲೆಂದು ಇಬ್ಬರ ಹೆಸರೂ ಬರೆದು ಅದಕ್ಕೆ ಫಕ್ಕೀರಪ್ಪ ಅರ್ಜಿ ಹಾಕಿದ. ಅದು ತಪ್ಪಿದರೆ ಅವನೂ ನಿಂಬೆವ್ವನೂ ಜೀವಮಾನವಿಡೀ ಗುರುವಾರಕ್ಕೊಮ್ಮೆ ಹಗ್ಗದ ಎರಡು ತುದಿ ಹಿಡಿದು ನಿಲ್ಲುವುದೇ ಗತಿ.

"ಹುಡುಗಿನ್ನ ಆ ಕಡೆ ಕಳಿಸಿಬಿಡಪ್ಪಾ, ಅಲ್ಲಿ ಕಲ್ಲೂ ಸಣ್ಣದೈತಿ," ಎಂದು ಯಾರೋ ಅಡಿವೆಪ್ಪನಿಗೆ ಹೇಳಿದಾಗ ನಾನು ಅಲ್ಲೇ ಇದ್ದೆ. ಅವನು ಗಾಣದ ಎತ್ತನ್ನು ನಿಲ್ಲಿಸಿದ. "ನನ್ನ ಮಗ ಮಲ್ಲೇಶೀನ ಯುದ್ಧದಾಗ ಆ ಕಡೆಯವರು ತಗೊಂಡ್ರು. ಉಳದಾಕೀನ ನಾನ ಕೈಯಾರೆ ಕೊಡ್ಲೇನು? ಬೇಕಂದ್ರ ಅಂವಾ ಬರ್ಲಿ. ದೊಡ್ಡಪ್ಪನ್ನ ಎತ್ತಲಿ. ಉಣ್ಣಾಕ ಇಕ್ಕತೀನಿ, ಗಾಣಾನೂ ಬರದು ಕೊಡ್ತೀನಿ," ಅಂದ.

ಅಕ್ಟೋಬರಿನಲ್ಲಿ ಒಂದು ಸಂಜೆ ಫಕ್ಕೀರಪ್ಪನ ತಾಯಿ ಕಾಶವ್ವ ನನ್ನ ಮೇಜಿನ ಹಗುರ ಬದಿಗೆ ಬಂದು ನಿಂತಳು. ಅವಳ ಗಂಡನೂ ಯುದ್ಧದಿಂದ ವಾಪಸು ಬಂದಿರಲಿಲ್ಲ. ನಾನು ಯಾರಿಗೂ ಸಲಹೆ ಕೊಡುವಂತಿರಲಿಲ್ಲ; ಅದು ಅವಳಿಗೂ ಗೊತ್ತಿತ್ತು.

"ಸಲಹೆ ಬ್ಯಾಡ ಬಾಯಾರ. ಬರೇ ಲೆಕ್ಕ ಹೇಳ್ರಿ. ನನ್ನ ಮಗ ಇಲ್ಲಿ ಅರವತ್ತು ಕಿಲೋ ಅದಾನ. ಅಲ್ಲಿ ಎಷ್ಟಾಗ್ತಾನ?"

"ಎಪ್ಪತ್ತೈದು."

"ಅಂದ್ರ ಕಲ್ಲಿನ ವಜ್ಜಿ ಅಷ್ಟ ಅಲ್ಲ, ತನ್ನ ಮೈ ವಜ್ಜೀನೂ ಅಂವಾ ಹೊರಬೇಕು. ಹೌದಿಲ್ಲೋ?"

"ಹೌದು, ಕಾಶವ್ವಾ."

"ಹಂಗಾರ ಹದಿನೈದು ಕಿಲೋ ಹೊಲೀತೀನಿ ತಗೋರಿ," ಎಂದು ಸೆರಗು ಕೊಡವಿ ಹೋದಳು.

ಮರುವಾರ ಫಕ್ಕೀರಪ್ಪ ಮರಳಿನ ಅಂಗಿ ತೊಟ್ಟು ಬಂದ. ತೋಳಿಲ್ಲದ ಅಂಗಿ, ಎದೆ, ಬೆನ್ನು, ಪಕ್ಕೆಗಳ ತುಂಬ ಅಂಗೈಯಗಲದ ಜೇಬುಗಳು, ಪ್ರತಿ ಜೇಬಿನಲ್ಲೂ ಹಳ್ಳದ ಸಣ್ಣ ಮರಳು. ಮೈ ಉಜ್ಜಬಾರದೆಂದು ಒಳಗೆ ಹಳೆಯ ಇಳಕಲ್ ಸೀರೆಯ ಅಸ್ತರಿ. ಇಡೀ ಹಗುರಗೇರಿಯ ಹೆಂಗಸರು ಕೂತು ಹೊಲಿದಿದ್ದರು. ಮೇಲೊಂದು ಮಾಮೂಲಿ ಅಂಗಿ ತೊಟ್ಟರೆ ಹೊರಗಿನವರಿಗೆ ತಿಳಿಯುತ್ತಲೂ ಇರಲಿಲ್ಲ. ಅವನು ಅದನ್ನು ತೊಟ್ಟೇ ಹಗ್ಗ ಹೊಸೆದ, ತೊಟ್ಟೇ ಉಂಡ, ತೊಟ್ಟೇ ಮಲಗಿದ, ಸ್ನಾನಕ್ಕಷ್ಟೇ ಬಿಚ್ಚಿ ಬಚ್ಚಲಲ್ಲೇ ಮತ್ತೆ ತೊಡುತ್ತಿದ್ದ. ಮೊದಲ ವಾರ ಏದುಸಿರು ಬಿಟ್ಟ. ಎರಡನೆಯ ತಿಂಗಳಿಗೆ ಅದನ್ನು ತೊಟ್ಟು ಬಾವಿಯ ಮೆಟ್ಟಿಲು ಹತ್ತಿಳಿದ. ನೆನೆಸಿದ ಪುಂಡಿನಾರಿನ ದೊಡ್ಡ ಸುರುಳಿಯನ್ನು ಸರಿಯಾಗಿ ಎಂಬತ್ತೈದು ಕಿಲೋ ಮಾಡಿಕೊಂಡು ಎತ್ತುವ ಅಭ್ಯಾಸ ಮಾಡಿದ. ಜನವರಿಯ ಕೊನೆಗೆ ಅದು ಅವನ ಸೊಂಟದ ತನಕ ಬಂತು. ಕೇರಿಯವರು ಹೋಳಿಗೆ ಮಾಡಿ ಹಂಚಿದರು.

"ಅಂಗಿ ತೊಟ್ಟು ಎಷ್ಟು ದಿನ ಆತು?" ಎಂದು ಗೆರೆಯಾಚೆಯಿಂದ ನಿಂಬೆವ್ವ ಕೇಳಿದಳು.

"ಯಾವ ಅಂಗಿ?" ಅಂದ ಫಕ್ಕೀರಪ್ಪ. ಎಲ್ಲರೂ ನಕ್ಕೆವು. ಅವನು ಯಾಕೆ ನಗುತ್ತೀರಿ ಎಂಬಂತೆ ನಮ್ಮನ್ನು ನೋಡಿದ.

ಫೆಬ್ರವರಿ ಹದಿನೇಳರ ಬೆಳಿಗ್ಗೆ ಎರಡೂ ಕೇರಿಯವರು ಗೆರೆಯ ಎರಡು ಬದಿಗೆ ಒತ್ತಿಕೊಂಡು ನಿಂತರು. ಹಗುರಗೇರಿಯ ಮಕ್ಕಳು ಹಿಂದಿನ ಸಾಲಿನಲ್ಲಿ ಏನೂ ಕಾಣದೆ ಜಿಗಿಜಿಗಿದು ನೋಡುತ್ತಿದ್ದರು. ಡೊಳ್ಳಿನವರು ಎರಡು ಕಡೆಯೂ ಇದ್ದರು. ಭಾರಗೇರಿಯ ಡೊಳ್ಳು ಹೊರುವವರು ಇಬ್ಬಿಬ್ಬರು. ಫಕ್ಕೀರಪ್ಪ ಅರಿಶಿನದ ಬಣ್ಣದ ಹೊಸ ಅಂಗಿ, ಕೆಂಪು ರುಮಾಲು ತೊಟ್ಟು ಬಂದ. ಕಾಶವ್ವ ಅವನ ಹಣೆಗೆ ಭಂಡಾರದ ಅರಿಶಿನ ಹಚ್ಚಿ, ರುಮಾಲು ನೆಟ್ಟಗೆ ಮಾಡಿ, ಗುಂಡಿ ಹಾಕಿ, ಎಲ್ಲವನ್ನೂ ಎರಡೆರಡು ಸಲ ನೋಡಿ ಕಳಿಸಿದಳು. ಗೆರೆ ದಾಟುವವರನ್ನು ದಾಟಿದ ಬದಿಯಲ್ಲಿ ತೂಗಿ ಬರೆಯುವುದು ನನ್ನ ಕೆಲಸ. ಅವನು ಗೆರೆ ದಾಟಿದ, ಒಂದು ಸಲ ತಡವರಿಸಿದ, ತೂಕದ ಯಂತ್ರ ಹತ್ತಿದ. ಎಪ್ಪತ್ತೈದು ಬರಬೇಕಿತ್ತು. ಮುಳ್ಳು ತೊಂಬತ್ತಮೂರು ಮುಕ್ಕಾಲಕ್ಕೆ ನಿಂತಿತು.

ನಾನು ಬಟ್ಟುಗಳನ್ನಿಟ್ಟು ಯಂತ್ರವನ್ನು ಪರೀಕ್ಷಿಸಿದೆ. ಯಂತ್ರ ಸರಿಯಿತ್ತು. ಕಾಲೇಜಿನಲ್ಲಿ ನನಗೆ ಕಲಿಸಿದ್ದು ಇಷ್ಟೇ: ಅಳತೆ ನಿರೀಕ್ಷೆಗೆ ಹೊಂದದಿದ್ದರೆ ಕೆಲಸ ನಿಲ್ಲಿಸು, ಕಾರಣ ಹುಡುಕು. ಆದರೆ ಡೊಳ್ಳು ಬಡಿಯುತ್ತಿತ್ತು, ಆಯೋಗದ ಕಾರ್ಯದರ್ಶಿ ಮುತಾಲಿಕರು ಕೈಗಡಿಯಾರ ನೋಡುತ್ತಿದ್ದರು, ಜನ ಕೂಗುತ್ತಿದ್ದರು. ಮೂರು ವಾರ ಹೋಳಿಗೆ ತಿಂದಿದ್ದಾನೆ ಎಂದುಕೊಂಡು ನಾನು ಅಂಕಿಯನ್ನು ಬರೆದು, ಹೋಗು ಎಂದು ಕೈ ಮಾಡಿದೆ. ಹದಿನೆಂಟು ಮುಕ್ಕಾಲು ಕಿಲೋ ಹೋಳಿಗೆ! ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಫಕ್ಕೀರಪ್ಪ ದೊಡ್ಡಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ. ಕೈ ಹಾಕಿದ. ಎದುರಿಗೆ ನಿಂಬೆವ್ವ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಕಲ್ಲು ನೆಲ ಬಿಟ್ಟಿತು. ಒಂದು ಗೇಣು ಬಂತು. ಡೊಳ್ಳು ನಿಂತಿತು. ಅವನ ಕತ್ತಿನ ನರಗಳು ಅವನೇ ಹೊಸೆದ ಹಗ್ಗದಂತೆ ಉಬ್ಬಿದವು. ಮೊಣಕಾಲಿಗೆ ಇನ್ನು ನಾಲ್ಕು ಬೆರಳು ಇತ್ತು. ಅಷ್ಟರಲ್ಲಿ ಚರ್ ಎಂದು ಬಟ್ಟೆ ಹರಿದ ಸದ್ದಾಯಿತು. ಕಲ್ಲು ಧೊಪ್ಪೆಂದು ನೆಲಕ್ಕೆ ಬಿತ್ತು. ಭಾರಗೇರಿಯ ನೆಲ ನಮ್ಮ ಕಾಲಡಿಯಲ್ಲಿ ನಡುಗಿತು.

ಒಂದೇ ಸಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಫಕ್ಕೀರಪ್ಪ ತಲೆಯೆತ್ತಲಿಲ್ಲ. ಅವನ ಹೊಸ ಅಂಗಿಯ ಪಕ್ಕೆಯಿಂದ ಏನೋ ಸಣ್ಣಗೆ ಸುರಿಯುತ್ತಿತ್ತು. ನಿಂಬೆವ್ವ ಹತ್ತಿರ ಬಂದಳು, ಬಾಗಿ ನೋಡಿದಳು, ಅಂಗೈ ಒಡ್ಡಿದಳು. ಅಂಗೈ ತುಂಬ ಮರಳು.

"ಇದನ್ನ ತೊಟ್ಟಕೊಂಡ ಬಂದೀಯಲ್ಲೋ!" ಎಂದಳು.

ಗೆರೆಯಾಚೆಯಿಂದ ಕಾಶವ್ವ ಹಣೆ ಚಚ್ಚಿಕೊಂಡ ಸದ್ದು ನಮಗೆ ಕೇಳಿಸಿತು. "ಅಯ್ಯ ನನ್ನ ಶಿವನ! ಬಿಚ್ಚೇ ಇಲ್ಲೋ ಇಂವಾ! ನಾನೂ ಮ್ಯಾಲಿನ ಗುಂಡಿ ಹಾಕಿ ಕಳಿಸೀನಿ!"

ಮೊದಲು ನಕ್ಕದ್ದು ಒಬ್ಬ ಮುದುಕಿ. ಆಮೇಲೆ ಭಾರಗೇರಿ, ಆಮೇಲೆ ಹಗುರಗೇರಿ. ನಗು ಗೆರೆಯನ್ನು ಲೆಕ್ಕಕ್ಕಿಡದೆ ಆಚೀಚೆ ಓಡಾಡಿತು. ಮುತಾಲಿಕರು ಕೂಡ ಕಡತವನ್ನು ಮುಖಕ್ಕೆ ಅಡ್ಡ ಹಿಡಿದರು. ಫಕ್ಕೀರಪ್ಪ ತನ್ನ ಎದೆಯನ್ನು ತಾನೇ ಮುಟ್ಟಿ ನೋಡಿಕೊಂಡ. ಅವನಿಗೆ ಅಂಗಿಯೂ ಮೈಯೂ ಬೇರೆ ಬೇರೆ ಎಂದು ಆಗಷ್ಟೇ ತಿಳಿದಂತಿತ್ತು. ಕಣ್ಣಲ್ಲಿ ನೀರಿತ್ತು, ಬಾಯಿ ನಗುತ್ತಿತ್ತು.

ನಗದೆ ಇದ್ದವನು ಅಡಿವೆಪ್ಪ ಒಬ್ಬನೇ. ಅವನು ಮೆಲ್ಲಗೆ ಬಂದು ಫಕ್ಕೀರಪ್ಪನ ಹರಿದ ಅಂಗಿಯನ್ನು ಸರಿಸಿ, ಒಳಗಿನ ಮರಳಿನ ಅಂಗಿಯನ್ನು ಬಿಚ್ಚಿಸಿದ. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಒಂದೊಂದು ಜೇಬಿಗೂ ಎರಡೆರಡು ಹೊಲಿಗೆ. ಒಳಗೆ ಮೆತ್ತಗಿನ ಇಳಕಲ್ ಸೀರೆ. ಬಹಳ ಹೊತ್ತು ಆ ಸೀರೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ.

"ಯಾರದಿದು ಹೊಲಿಗಿ?"

"ನಮ್ಮವ್ವಂದು."

ಅಡಿವೆಪ್ಪ ಗೆರೆಯ ತನಕ ನಡೆದು ಹೋದ. ಕಾಶವ್ವನ ಎದುರು ನಿಂತ. "ಯವ್ವಾ, ನಿನಗೂ ಇಂವಾ ಒಬ್ಬನ?"

"ಒಬ್ಬನರೀ ಅಣ್ಣಾರ."

"ಒಬ್ಬನ್ನ ನನ್ನ ಮನಿಗೆ ಕಳಸಾಕ ಇಷ್ಟು ಹೊಲದೀ?"

ಕಾಶವ್ವ ಮೂಗು ಒರೆಸಿಕೊಂಡಳು. ಅಡಿವೆಪ್ಪ ಅಂಗಿಯನ್ನು ನೆಲಕ್ಕೆ ಹಾಕದೆ ತನ್ನ ತೋಳ ಮೇಲೆ ಮಡಚಿಕೊಂಡು ಮಗಳ ಕಡೆ ತಿರುಗಿದ. ಅವಳು ಆಗಲೇ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಅಪ್ಪಾ, ಚಿಕ್ಕಪ್ಪನ್ನ ನಾ ಎತ್ತತೀನಿ," ಅಂದಳು. ಕೇಳುವ ಧಾಟಿ ಅಲ್ಲ. ಆದರೂ ಕಾಲು ಮಾತ್ರ ಅಲ್ಲಿಂದ ಕದಲಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಮುತಾಲಿಕರು ಕಡತ ಬಿಡಿಸಿದರು. "ಹಾಗೆಲ್ಲ ಆಗುವುದಿಲ್ಲಮ್ಮ. ಸೊಸೆಯಾಗಿ ಹೋಗುವವರು ಕಲ್ಲು ಎತ್ತಿದ ವಾಡಿಕೆ ಇಲ್ಲ."

"ಎತ್ತಬಾರದು ಅಂತ ಬರದೈತೇನ್ರಿ ಸಾಹೇಬ್ರ?"

ಅವರು ಹುಡುಕಿದರು. 'ನೆಲೆಸಲು ಬರುವ ವ್ಯಕ್ತಿ' ಎಂದಷ್ಟೇ ಇತ್ತು. ಒಬ್ಬರೇ, ಒಂದೇ ಸಲ. ಸರಿ, ನಿಂಬೆವ್ವನ ಸಲ ಇನ್ನೂ ಮುಗಿದಿರಲಿಲ್ಲ. ಆದರೆ ಪರವಾನಗಿ ಇರುವುದು ಈ ಜೋಡಿಗೆ ಒಂದೇ ದಿಕ್ಕಿಗೆ ಎಂದರು ಅವರು. ನಾನು ಚೀಟಿಯನ್ನು ಅವರ ಕೈಯಿಂದ ತೆಗೆದುಕೊಂಡು ಓದಿದೆ. ಎರಡು ಹೆಸರು ಇದ್ದವು. ದಿಕ್ಕಿನ ಅಂಕಣ ಖಾಲಿ ಇತ್ತು. ಕಲ್ಲು ಎತ್ತಿದ ಮೇಲೆ ಅಳತೆ ಮತ್ತು ತೂಕದ ಅಧಿಕಾರಿ ತುಂಬತಕ್ಕದ್ದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ನಾನು ಅದನ್ನು ಗಟ್ಟಿಯಾಗಿ, ಎರಡೂ ಬದಿಗೆ ಕೇಳುವಂತೆ ಓದಿದೆ. ಬೆಳಿಗ್ಗೆ ತೂಕದಲ್ಲಿ ಮಾಡಿದ ತಪ್ಪಿಗೆ ನನಗೂ ಏನಾದರೂ ಮಾಡಬೇಕಿತ್ತು.

ಎಲ್ಲರೂ ಅಡಿವೆಪ್ಪನನ್ನು ನೋಡಿದರು. ಅವನು ತೋಳ ಮೇಲಿನ ಅಂಗಿಯನ್ನು ಸರಿಮಾಡಿಕೊಂಡು ಮಗಳ ಹತ್ತಿರ ಬಂದ.

"ಗುರುವಾರಕ್ಕೊಮ್ಮೆ ಗೆರೀಗೆ ಬರಬೇಕು. ನಾ ಎಣ್ಣಿ ತರ್ತೀನಿ, ನೀ ಹಗ್ಗ ತಾ," ಅಂದ. ಆಮೇಲೆ, "ಕೊಯ್ದ ಹಗ್ಗ ತಂದೀ ಅಂದ್ರ ನಾ ತಗೊಳ್ಳಾಂವಲ್ಲ ಮತ್ತ. ನನಗೂ ಕಣ್ಣದಾವ."

ನಿಂಬೆವ್ವ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಹರಕು ಅಂಗಿಯ ಫಕ್ಕೀರಪ್ಪ ಅವಳ ಮುಂದೆ ಗೆರೆ ದಾಟಿ ತನ್ನ ಕೇರಿಗೆ ಹೋದ. ನಾಲ್ಕು ತಿಂಗಳ ಮೇಲೆ ಮರಳಿಲ್ಲದೆ ಹೆಜ್ಜೆಯಿಟ್ಟದ್ದಕ್ಕೆ ಅವನು ಜಿಗಿದು ಡೊಳ್ಳಿನವನ ಮೇಲೆ ಬಿದ್ದ. ಹಿಂದೆಯೇ ಅವಳು ಕಾಲಿಟ್ಟಳು. ಯುದ್ಧ ಶುರುವಾದಂದಿನಿಂದ ದೂರವಾಗಿದ್ದ ಹುಟ್ಟಿದೂರಿನ ಅರ್ಧವನ್ನು ಹದಿಮೂರು ವರ್ಷದ ಮೇಲೆ ಮುಟ್ಟಿದ ಹೆಜ್ಜೆ ಅದು. ನೆಲ ಅವಳನ್ನು ಹಿಡಿಯಲೇ ಇಲ್ಲ. "ಅಯ್ಯಯ್ಯ, ಹಾರಾಕತ್ತೀನಿ, ಹಿಡೀರಿ!" ಎಂದು ಕಿರುಚಿ ಕಾಶವ್ವನ ತೋಳು ಹಿಡಿದಳು. ಕಾಶವ್ವ ಅವಳನ್ನು ಬಿಡಲಿಲ್ಲ. ಗೆರೆಯ ಸುಣ್ಣಕ್ಕೆ ಹೆಬ್ಬೆರಳು ತಾಕಿಸಿ ಅಡಿವೆಪ್ಪ ನಿಂತಿದ್ದ, ತೋಳ ಮೇಲೆ ಮರಳಿನ ಅಂಗಿ.

ನಾನು ತೂಗಿ ಬರೆದುಕೊಂಡ ಮೇಲೆ ನಿಂಬೆವ್ವ ಚಿಕ್ಕಪ್ಪನ ಮುಂದೆ ಕೂತಳು. ನಾನು ಟೇಪು ಹಿಡಿದು ಪಕ್ಕಕ್ಕೆ ಹೋದೆ. ಅವಳಿಗೆ ಈ ನೆಲದ ಅಂದಾಜು ಇರಲಿಲ್ಲ. ಹಿಂಡಿಯ ಚೀಲಕ್ಕೆ ಹಾಕುವ ಅಷ್ಟೂ ಕಸುವನ್ನು ಹಾಕಿ ಎಳೆದಳು. ಕಲ್ಲು ಮೊಣಕಾಲನ್ನು ಕೇಳಲಿಲ್ಲ, ಸೊಂಟವನ್ನು ಕೇಳಲಿಲ್ಲ, ಎದೆಯನ್ನು ದಾಟಿ ನೆತ್ತಿಯ ಮೇಲೆ ಹೋಯಿತು. ಅವಳೇ ಬೆಚ್ಚಿ, ತೋಳು ನೆಟ್ಟಗೆ ಮಾಡಿ ಹಿಡಿದು ನಿಂತಳು. ಎರಡೂ ಕೇರಿಯಿಂದ ಎದ್ದ ಕೂಗಿಗೆ ಹೆಂಚಿನ ಮೇಲಿನ ಪಾರಿವಾಳಗಳು ಎದ್ದವು.

"ಲಗೂನ ಅಳೀರಿ ಬಾಯಾರ, ನಗು ಬರಾಕತ್ತೈತಿ," ಎಂದಳು ಮೇಲಿನಿಂದ.

ನಾನು ಟೇಪಿನ ತುದಿಯನ್ನು ಕಾಲಿನಿಂದ ಒತ್ತಿ ಹಿಡಿದೆ, ಎರಡು ಸಲ ಓದಿದೆ. ಎರಡು ಸಲವೂ ಒಂದೇ ಅಂಕಿ ಬಂತು. ದಿಕ್ಕಿನ ಅಂಕಣದಲ್ಲಿ ಪಡುವಣದಿಂದ ಮೂಡಣಕ್ಕೆ ಎಂದು ಬರೆದೆ. ಎತ್ತರದ ಅಂಕಣದಲ್ಲಿ ಬರೆದದ್ದು ಇದು: ನೆಲದಿಂದ ಕಲ್ಲಿನ ತಳಕ್ಕೆ ಒಂದು ಮೀಟರ್ ಎಂಬತ್ತಾರು ಸೆಂಟಿಮೀಟರ್.